ಗೇಣುದ್ದದ ಕೊಳವೆ

ಹಡರ್ಸ್‌ಫೀಲ್ಡಿನ ಏರಿನಲ್ಲಿ ಮೂರನೇ ಸಲ
ಮುಗ್ಗರಿಸಿತು ಸಾಬ್.
ಬೂಸ್ಟಿನ ಮುಳ್ಳು ಕೆಂಪಿಗೆ ಹಾರಿ
ಪೆಟ್ರೋಲು ಕಟ್ಟಾಗಿ, ಎದೆಗೆ ಸೀಟ್‌ಬೆಲ್ಟು.

ಟರ್ಬೋ ಸತ್ತಿದೆ, ಗುಜರಿಗೆ ಹಾಕು ಅಂದ ಗ್ಯಾರೇಜಿನವ.
ಸತ್ತದ್ದು ಹೀಗೆ ಒದೆಯುತ್ತದೆಯೇ?

ಭಾನುವಾರ. ಬಾನೆಟ್ಟಿನಡಿ ನಾನು, ಟಾರ್ಚು ಹಿಡಿದು
ಪಕ್ಕದ ಮನೆಯ ಎನಿಡ್, ಎಂಬತ್ತೊಂದು,
ಉಣ್ಣೆ ಗಿರಣಿಯ ಮಗ್ಗದ ಸದ್ದಿಗೆ
ಒಂದು ಕಿವಿ ಕೊಟ್ಟವಳು.
ವೇಸ್ಟ್‌ಗೇಟಿನ ಸಣ್ಣ ಕೊಳವೆ ಕಳಚಿ
ಒಲೆ ಊದುವ ಹಾಗೆ ಊದಿದೆ.
ಕಡ್ಡಿ ಮಿಸುಕಲಿಲ್ಲ.
"ತಡಿ" ಅಂದಳು, ಉಳಿದ ಕಿವಿ ಬಗ್ಗಿಸಿ,
"ಇಲ್ಲಿ ಯಾರೋ ಪಿಸುಗುಡ್ತಿದಾರೆ."

ಕ್ಲಿಪ್ಪಿನ ಕೆಳಗೆ ಕೂದಲೆಳೆಯ ಬಿರುಕು.
ಇಷ್ಟು ದಿನವೂ 'ಸಾಕು' ಎಂಬ ಮಾತು
ದಾರಿಯಲ್ಲೇ ಸೋರಿಹೋಗುತ್ತಿತ್ತು.

ಎರಡು ಪೌಂಡಿನ ಕೊಳವೆ.
ಸಂಜೆ ಅದೇ ಏರು. ಎನಿಡ್ ಪಕ್ಕದಲ್ಲಿ,
"ಇನ್ನೂ ಜೋರಾಗಿ" ಅನ್ನುತ್ತ.