ಹನ್ನೊಂದು ಗ್ರಾಂ ಚಿಲ್ಲರೆ

ಚಿನ್ನ ತೂಗುವಾಗ ಫ್ಯಾನು ಆರಿಸಬೇಕು.
ಗಾಳಿಗೂ ಒಂದಿಷ್ಟು ಮಿಲಿಗ್ರಾಂ ಉಂಟು ಎಂದು
ಸೇರಿದ ದಿನವೇ ಶೆಣೈ ಸರ್ ಹೇಳಿಕೊಟ್ಟದ್ದು.
ಹಾಗಾಗಿ ನಾಲ್ಕು ವರ್ಷದಿಂದ, ಹಂಪನಕಟ್ಟೆಯ ಆ ಎರಡನೇ ಮಾಳಿಗೆಯಲ್ಲಿ,
ಮಾರ್ಚಿನ ಸೆಕೆಗೂ ಮೇ ತಿಂಗಳ ಸೆಕೆಗೂ
ಫ್ಯಾನು ಆರಿಸಿ, ಉಸಿರು ಹಿಡಿದು,
ಊರವರ ಕೊರಳು ಕಿವಿ ಮುಂಗೈಗಳನ್ನು ತೂಗುತ್ತಾ ಬಂದಿದ್ದೇನೆ.

ಒರೆಗಲ್ಲಿಗೆ ಉಜ್ಜುವುದು, ಒಂದು ತೊಟ್ಟು ಆಸಿಡ್.
ಗೆರೆ ಉಳಿದರೆ ಸಾಲ, ಅಳಿದರೆ ಕ್ಷಮಿಸಿ.
ಉಗುರಿನ ಕಪ್ಪು ಈಗ ಸಾಬೂನಿಗೆ ಹೋಗುವುದಿಲ್ಲ.
ಅಮ್ಮ ಮಾತ್ರ ನೆಂಟರ ಮುಂದೆ ಆ ಬೆರಳನ್ನೇ ಹಿಡಿದೆತ್ತಿ
“ಬಂಗಾರ ಮುಟ್ಟುವ ಕೈ” ಎನ್ನುತ್ತಾಳೆ.
ಅವಳದ್ದು ಇಪ್ಪತ್ತು ವರ್ಷ ಸಿಗಡಿ ಸುಲಿದ ಕೈ,
ಹೇಳುವ ಹಕ್ಕು ಅವಳಿಗುಂಟು.

ಉಸಿರು ಹಿಡಿಯುವುದು ನನಗೆ ಮೊದಲೇ ಗೊತ್ತಿತ್ತು.
ಹೈಸ್ಕೂಲಿನಲ್ಲಿ ಐವತ್ತು ಮೀಟರ್, ಜಿಲ್ಲೆಗೆ ಎರಡನೆಯವಳು.
ಆ ಕಪ್ಪು ಈಗ ಮನೆಯಲ್ಲಿ
ಸೇಫ್ಟಿಪಿನ್ನು ಹಾಕಿಡುವ ಡಬ್ಬಿ.

ಲೇಡಿಹಿಲ್ಲಿನ ಕೊಳದಲ್ಲಿ ಹೆಂಗಸರ ಬ್ಯಾಚಿಗೆ ಈಜು ಕಲಿಸುತ್ತಿದ್ದ ವೆರೊನಿಕಾ
ಮದುವೆಯಾಗಿ ಮಸ್ಕತ್ತಿಗೆ ಹೊರಟಳು.
“ನೀನು ಬರ್ತೀಯಾ? ಹದಿಮೂರು ಸಾವಿರ. ಪಿಎಫ್ ಗಿಎಫ್ ಎಂತ ಇಲ್ಲ.”
ಈಗಿನದರ ಅರ್ಧ.
ಬರೆದು ಕೂಡಿಸಿದೆ, ಕಳೆದೆ: ಸ್ಕೂಟರಿನ ಕಂತು,
ಚೀಟಿ ಫಂಡು, ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ.
ಹಾಳೆಯ ಒಂದು ಬದಿ ತುಂಬಿತು. ಇನ್ನೊಂದು ಬದಿಗೆ
ಸಿಕ್ಕಿದ್ದು ಒಂದೇ ಶಬ್ದ, ನೀರು.
ಅದರ ಮುಂದೆ ಮೊತ್ತ ಬರೆಯಲಾಗಲಿಲ್ಲ.

ಜ್ವರ ಎಂದು ರಜೆ ಹಾಕಿ ಇವತ್ತು, ಬುಧವಾರ,
ನೋಡಿಯೇ ಬಿಡುವ ಎಂದು ಹೋದೆ.

ಏಳು ಜನ. ಏಳನೆಯವರು
ಬಂದರಿನಲ್ಲಿ ಮೀನು ಮಾರುವ ಮುತ್ತಕ್ಕ.
ಮೊಣಕಾಲಿಗೆ ಈಜೇ ಮದ್ದು ಎಂದರಂತೆ ಡಾಕ್ಟರು.
ಮೊಮ್ಮಗನ ಟೀಶರ್ಟು, ತಲೆಗೆ ಬಿಗಿಯಾದ ರಬ್ಬರ್ ಟೊಪ್ಪಿ,
ಮೆಟ್ಟಿಲಲ್ಲೇ ನಿಂತು ನನ್ನನ್ನು ನೋಡಿದರು:
“ನೀನು ಬ್ಯಾಂಕಿನ ಹುಡುಗಿಯಲ್ಲವಾ? ಇಲ್ಲೆಂತ?”
ಎಂತ ಎಂದು ನನಗೂ ಗೊತ್ತಿರಲಿಲ್ಲ.
ತಿರುಪು ಬಿಚ್ಚಿ ಬಳೆಯನ್ನು ನನ್ನ ಅಂಗೈಯಲ್ಲಿಟ್ಟರು.
“ಹಿಡಿ. ರಸೀದಿ ಬೇಡ.”

ಅಂಗೈ ತನ್ನಷ್ಟಕ್ಕೇ ಹೇಳಿತು: ಹನ್ನೊಂದು ಗ್ರಾಂ, ನಾನೂರು ಮಿಲಿ.
ತಿರುಪಿನ ಪಕ್ಕದ ಆ ತಗ್ಗು ನನಗೆ ಗೊತ್ತು.
ಜೂನಿನಲ್ಲಿ ಬೋಟುಗಳು ದಡ ಹತ್ತಿದ ವಾರ ಒಳಗೆ ಬರುತ್ತದೆ,
ಆಗಸ್ಟಿನಲ್ಲಿ ಬಂಗುಡೆ ಬಂದ ಮೇಲೆ ಹೊರಗೆ ಹೋಗುತ್ತದೆ.
ನಾಲ್ಕು ವರ್ಷ, ನಾಲ್ಕು ಲಕೋಟೆ, ನಾಲ್ಕಕ್ಕೂ ನನ್ನದೇ ಸೀಲು.
ಅದರೊಳಗಿನ ಕೈ ಇಷ್ಟು ದಪ್ಪ, ಇಷ್ಟು ಬಿಸಿ ಎಂದು
ಯಾವ ಲೆಡ್ಜರಿನಲ್ಲೂ ಇರಲಿಲ್ಲ.

ಎಲ್ಲಿಡುವುದು? ನನ್ನ ಕೈಗೇ ಹಾಕಿಕೊಂಡೆ.
ಮೊಣಕೈವರೆಗೆ ಜಾರಿತು.

“ನಲುವತ್ತು ವರ್ಷ ಸಮುದ್ರದಲ್ಲಿ ಕಾಲು ತೊಳೆದಿದ್ದೇನೆ,
ಕಾಲು ನೆಲದಿಂದ ಎತ್ತಿದವಳಲ್ಲ.”
“ಎತ್ತಿ” ಎಂದೆ.
ಬೆನ್ನಡಿಗೆ ಎರಡೂ ಕೈ. ಎಷ್ಟಿದ್ದಾರು, ಎಂಬತ್ತು ಕಿಲೋ?
ನೀರಲ್ಲಿ ಅಂಗೈಗೆ ಏನೂ ತಿಳಿಯಲಿಲ್ಲ.
ತೇಲಿದರು ಎಂದು ಬರೆಯಲೇ? ಇಲ್ಲ, ಮುಳುಗಿದರು.
ನೀರು ಕುಡಿದು, ಕೆಮ್ಮಿ, ನನ್ನ ಹೆಗಲು ಪರಚಿ ಎದ್ದು
ತುಳುವಿನಲ್ಲಿ ನನ್ನ ಮೂರು ತಲೆಮಾರನ್ನು ಒಂದೇ ಉಸಿರಿಗೆ ವಿಚಾರಿಸಿದರು.
ಉಳಿದ ಆರೂ ಹೆಂಗಸರು ನಕ್ಕರು. ನಾನೂ.
ಮೂಗು ಒರೆಸಿಕೊಂಡು ಕೇಳಿದರು:
“ನಾಳೆ ಎಷ್ಟು ಗಂಟೆಗೆ?”
“ನಾಲ್ಕಕ್ಕೆ” ಎಂದೆ.

ನಾಳೆ ನಾಲ್ಕಕ್ಕೆ ನಾನು ಇರಬೇಕಾದದ್ದು
ಹಂಪನಕಟ್ಟೆಯಲ್ಲಿ, ಫ್ಯಾನು ಆರಿಸಿ.
ಅದು ನೆನಪಾದದ್ದು ಆಮೇಲೆ,
ಸ್ಕೂಟರಿನ ಹ್ಯಾಂಡಲಿಗೆ ಬಳೆ ತಾಗಿ
ಠಣ್ ಎಂದಾಗ.

ಮುತ್ತಕ್ಕನ ಬಸ್ಸು ಆಗಲೇ ಹೊರಟಿತ್ತು,
ತಿರುವಿನಲ್ಲಿ ಕಂಡಕ್ಟರನ ಸೀಟಿ ಕೇಳುತ್ತಿತ್ತು.
ಅಮ್ಮನಿಗೆ ಎಂತ ಹೇಳುವುದು,
ಶೆಣೈ ಸರ್‌ಗೆ ಒಂದು ತಿಂಗಳ ನೋಟಿಸು ಹೇಗೆ ಬರೆಯುವುದು,
ಎಲ್ಲ ರಾತ್ರಿಗೆ ಇರಲಿ.
ಈಗ ಒದ್ದೆ ಕೂದಲಲ್ಲಿ, ಬೇರೆಯವರ ಬಂಗಾರ ಹಾಕಿಕೊಂಡು,
ಬಂದರು ಬರುವುದರೊಳಗೆ
ಆ ಬಸ್ಸನ್ನು ಹಿಡಿಯಬೇಕು.