ಕರ್ಮಣಿ ಪ್ರಯೋಗ

ಶಿವಮೊಗ್ಗದ ಜಿಲ್ಲಾ ಪಂಚಾಯತ್ ಸಭಾಂಗಣ, ಬೆಳಿಗ್ಗೆ ಹನ್ನೊಂದು.
ಲೆಕ್ಕಪತ್ರ ಸಮಿತಿಗೆ ಗೋಡಂಬಿ, ಬಾದಾಮಿ ಹಾಲು;
ಬರೆದುಕೊಳ್ಳುವ ನನಗೆ
ಮೂಲೆಯಲ್ಲೊಂದು ಕುರ್ಚಿ, ಅದರ ಒಂದು ಕಾಲು ಗಿಡ್ಡ.

ಹತ್ತೊಂಬತ್ತು ವರ್ಷದಿಂದ ಶೀಘ್ರಲಿಪಿಯೇ ನನ್ನ ಅನ್ನ.
‘ಗಮನಿಸಲಾಗಿದೆ’ ಎಂಬುದಕ್ಕೆ ಒಂದು ಕೊಕ್ಕೆ,
‘ಪರಿಶೀಲಿಸಲಾಗುತ್ತಿದೆ’ ಎಂದರೆ ಕೊಕ್ಕೆಗೊಂದು ಬಾಲ,
‘ಕ್ರಮ ವಹಿಸಲಾಗುವುದು’, ಅದಕ್ಕೆ ಬರೀ ಚುಕ್ಕೆ.
ದಿನಕ್ಕೆ ನೂರು ಸಲ ಬರುವ ನೆಂಟನಿಗೆ
ಯಾರು ಮಣೆ ಹಾಕುತ್ತಾರೆ?

ಕಂಡಿಕೆ ನಾಲ್ಕು ದಶಾಂಶ ಏಳು:
ಕಾಲುಸಂಕ ಹದಿನಾಲ್ಕು,
ಮಂಜೂರಾದದ್ದು ಒಂದು ಕೋಟಿ ಹನ್ನೆರಡು ಲಕ್ಷ,
ಖರ್ಚು ಶೇಕಡಾ ತೊಂಬತ್ತಾರು,
ನಿಂತಿರುವುದು ಒಂಬತ್ತು.
‘ಉಳಿದ ಐದು?’
ಅಧ್ಯಕ್ಷರು ಕನ್ನಡಕದ ಮೇಲಿನಿಂದ ಕೇಳಿದರು.
ಕಾರ್ಯಪಾಲಕ ಎಂಜಿನಿಯರ್ ಶಾಂತವೀರಯ್ಯ ಎದ್ದು ನಿಂತರು:
‘ಸಾಮಗ್ರಿ ಸಾಗಿಸಲಾಗಿದೆ ಸರ್. ಬುನಾದಿ ತೋಡಲಾಗಿದೆ.
ನಂತರ, ಪ್ರವಾಹದಲ್ಲಿ, ಕೊಚ್ಚಿಹೋಗಲಾಗಿದೆ.’
ಯಾರೋ ನಕ್ಕರು.
ನನ್ನ ಪೆನ್ನು ನಗಲಿಲ್ಲ, ಕೊಕ್ಕೆ ಹಾಕಿತು.

ರುದ್ರಾರಾಧ್ಯ ಮೇಷ್ಟ್ರು ವ್ಯಾಕರಣ ಹೇಳುವಾಗ
‘ಮಾಡಿದವ ಮರೆಯಾಗಿ ಮಾಡಿದ್ದಷ್ಟೇ ಉಳಿದರೆ
ಅದು ಕರ್ಮಣಿ’ ಅಂದಿದ್ದರು. ಪರೀಕ್ಷೆಗೆ ಎರಡು ಅಂಕ.
ಒಂದು ಇಲಾಖೆ ಪೂರ್ತಿ ಆ ಎರಡು ಅಂಕದ ಮೇಲೆ ನಿಂತಿದೆಯೆಂದು
ಪಾಪ, ಅವರಿಗೂ ಗೊತ್ತಿರಲಿಲ್ಲ.

ಊಟ ಮುಗಿಸಿ ಏಳು ಕಾರು ಹೊಸನಗರದತ್ತ.
ಫೆಬ್ರವರಿ. ಕಿರುಗುಂಡಿ ಹಳ್ಳದಲ್ಲಿ ಪಾದ ತೊಯ್ಯುವಷ್ಟು ನೀರು.
ಸದಸ್ಯರೊಬ್ಬರು ಬೂಟು ಕಳಚದೆ ಕಲ್ಲಿಂದ ಕಲ್ಲಿಗೆ ಹಾರಿ
‘ಇದಕ್ಕೆ ಸಂಕ ಯಾಕ್ರೀ?’ ಎಂದರು.
ಆಚೆ ದಡದಲ್ಲಿ ತುಕ್ಕು ಹಿಡಿದ ನಾಲ್ಕು ಸರಳು,
ಒಂದಕ್ಕೆ ಯಾರದೋ ಟವೆಲು ಒಣಗಲು ಹಾಕಿತ್ತು.

ಹೋದ ವರ್ಷ ಮುರಿದ ಬಗನಿ ಮರದ ಸಂಕದ ಬುಡದಲ್ಲಿ
ಹುಚ್ಚಪ್ಪ ನಿಂತಿದ್ದ, ಕರೆಯದೆ ಬಂದವನ ಹಾಗೆ.
ಬಯಲುಸೀಮೆಯ ಸದಸ್ಯೆ ನೀಲಗಂಗಮ್ಮ ಅವನನ್ನೇ ಕೇಳಿದರು:
‘ಮಳಿಗಾಲಕ್ಕ ನೀರು ಎಷ್ಟು ಬರ್ತದಪಾ?’
ಅವ ಮಾತಾಡಲಿಲ್ಲ. ಎದೆಗೆ ಕೈ ಅಡ್ಡ ಹಿಡಿದ.
ಆಮೇಲೆ, ಏನೋ ನೆನಪಾಗಿ,
ಕೈಯನ್ನು ಗದ್ದಕ್ಕೆ ಏರಿಸಿದ.
‘ಮತ್ತ ಮಕ್ಕಳು ಸಾಲಿಗೆ?’
‘ನಾನೇ ದಾಟ್ಸದು. ಹೆಗಲ ಮೇಲೆ ಒಂದು, ಕಂಕುಳಲ್ಲಿ ಒಂದು.
ಹನ್ನೊಂದು ಮಕ್ಕಳು. ಆರು ಸಲ ಆಗ್ತದೆ. ಸಂಜೆ ಮತ್ತೆ ಆರು.’

ಎದೆಗೆ ಹಿಡಿದ ಕೈಗೆ ಶೀಘ್ರಲಿಪಿಯಲ್ಲಿ ಗುರುತಿಲ್ಲ.
ಹಾಳೆಯ ಅಂಚಿನಲ್ಲಿ ಒಂದು ಗೆರೆ ಎಳೆದೆ,
ಅದರ ಮೇಲೆ, ತುಸು ಎತ್ತರಕ್ಕೆ, ಇನ್ನೊಂದು.

ಕರಡು ತಿದ್ದುವಾಗ ಶಾಖಾಧಿಕಾರಿ ಹೇಳಿದರು:
‘ಸ್ಥಳೀಯರ ನೆರವಿನೊಂದಿಗೆ ಮಕ್ಕಳನ್ನು ದಾಟಿಸಲಾಗುತ್ತಿದೆ.
ಹೀಗೆ ಹಾಕಿ ಮೇಡಂ, ಚಂದ ಕೂರುತ್ತದೆ.’
ಕೂತಿತು. ಎಷ್ಟು ಚಂದ ಕೂತಿತೆಂದರೆ
ಹುಚ್ಚಪ್ಪನ ಕಾಲು ತೊಯ್ಯಲೇ ಇಲ್ಲ.

ಎರಡನೆಯ ಕರಡಿನಲ್ಲಿ ಅವನನ್ನು ಮತ್ತೆ ನೀರಿಗಿಳಿಸಿದೆ.
ಹೊಡೆದು ಹಾಕಿದರು.
ಮೂರನೆಯದು ಶುಕ್ರವಾರ ಸಂಜೆ, ಅವರಿಗೆ ರೈಲಿನ ಆತುರ.
ಪುಟ ಐವತ್ತೆಂಟು, ಕೆಳಗಿನಿಂದ ಮೂರನೆಯ ಸಾಲು:
‘ಹುಚ್ಚಪ್ಪ ದಾಟಿಸುತ್ತಾರೆ.’
ಇಡೀ ವರದಿಯಲ್ಲಿ
ಕರ್ತೃವಿಗೊಂದು ಹೆಸರಿದ್ದದ್ದು ಅಲ್ಲಿ ಮಾತ್ರ.

ವರದಿಯನ್ನು ಸದನದಲ್ಲಿ ಮಂಡಿಸಲಾಯಿತು.
ಆವತ್ತು ಬಾವಿಗಿಳಿದವರ ಘೋಷಣೆ;
ಅಧ್ಯಕ್ಷರು ಓದಿದ ಶೀರ್ಷಿಕೆ ನನಗೇ ಕೇಳಿಸಲಿಲ್ಲ.
ಆ ಬಾವಿಯಲ್ಲಿ ಯಾರೂ ಯಾರನ್ನೂ ದಾಟಿಸಲಿಲ್ಲ.

ಈಗ ಜೂನ್ ಮುಗಿಯುತ್ತ ಬಂತು.
ಇಲಾಖೆಯ ಅನುಪಾಲನಾ ಉತ್ತರ ನನ್ನ ಮೇಜಿನ ಮೇಲಿದೆ:
‘ಸದರಿ ಹುಚ್ಚಪ್ಪ ಎಂಬುವರು
ಯಾರ ಅನುಮತಿಯ ಮೇರೆಗೆ ಮಕ್ಕಳನ್ನು ದಾಟಿಸುತ್ತಿದ್ದಾರೆ
ಎಂಬುದನ್ನು ಪರಿಶೀಲಿಸಲಾಗುತ್ತಿದೆ.’

ಗೋಡೆ ಗಡಿಯಾರದಲ್ಲಿ ಒಂಬತ್ತೂಕಾಲು,
ಕಚೇರಿಗೆ ಇನ್ನೂ ಯಾರೂ ಬಂದಿಲ್ಲ.
ನಾಲ್ಕನೆಯ ಸಲವೋ ಐದನೆಯದೋ
ಇರಬೇಕು, ಈ ಹೊತ್ತಿಗೆ.