ಯಾವ ಹಕ್ಕಿನಿಂದ

ಅಕ್ಟೋಬರಿನ ಕೊನೆಯ ಭಾನುವಾರ. ಗ್ರಿಮ್ಸ್‌ಬಿಯಲ್ಲಿ
ನಿನ್ನೆ ರಾತ್ರಿ ಗಡಿಯಾರಗಳಿಗೆ ಒಂದು ತಾಸು ಮರಳಿ ಸಿಕ್ಕಿದೆ.
ಆ ತಾಸನ್ನು ಮಿಸ್ ಪಿಂಚ್‌ಬೆಕ್ ಅವರ
ತೆರಿಗೆ ಫಾರ್ಮಿಗೆ ಎತ್ತಿಟ್ಟಿದ್ದೇನೆ.

ಆಕೆಯ ಅಡುಗೆಮನೆ, ಆಕೆಯ ಮೇಜು,
ಬಿಸ್ಕೀಟಿನ ತಗಡು ಡಬ್ಬಿಯಲ್ಲಿ ಇಪ್ಪತ್ತು ವರ್ಷದ ರಸೀದಿ.
ನೆನಪು ಸವೆಯುವ ಮುಂಚೆಯೇ ವಕೀಲರೆದುರು ನನ್ನ ಹೆಸರು ಹೇಳಿದ್ದಳು:
"ಇವನು ಮೀನು ಸೀಳುವುದನ್ನು ನೋಡಿದ್ದೇನೆ. ಮುಳ್ಳು ಬಿಡುವುದಿಲ್ಲ."
ನಮ್ಮಜ್ಜ ಹತ್ತಿ ಹಿಂಜುತ್ತಿದ್ದ; ಬಿಲ್ಲಿನ ಹೆದೆ ಮಿಡಿದರೆ
ಗಂಟೆಲ್ಲ ಬಿಟ್ಟು ಅರಳಬೇಕು ಅನ್ನುತ್ತಿದ್ದ.
ಹಾಗೆ ಹಿಂಜುತ್ತ ಕೂತೆ: ಗಟಾರದ ರಿಪೇರಿ, ಛಾವಣಿಯ ಹೆಂಚು,
ಬಂದರಿನ ಪಿಂಚಣಿ, ಸರಕಾರದ ಪಿಂಚಣಿ,
ಆಮೇಲೆ, ಬಾಡಿಗೆಯಿಂದ ಬಂದ ಆದಾಯ.

ಅದು ನಾನು.
ಮೇಲಿನ ಮನೆ, ಬೇರೆ ಬಾಗಿಲು, ಬೇರೆ ಮೀಟರು,
ತಿಂಗಳಿಗೆ ನಾನೂರ ಹತ್ತು ಪೌಂಡು.
ಕೊಡುವ ಕೈಯೂ ನನ್ನದೇ, ಕೊಟ್ಟಿದ್ದಾನೆ ಎಂದು
ಸಾಕ್ಷಿ ಹೇಳುವ ಕೈಯೂ ನನ್ನದೇ.

ಹೋದ ವರ್ಷದ ಅಂಕಿ ನೋಡಲು ಹಳೆಯ ಪ್ರತಿ ತೆಗೆದೆ,
ಅದರ ಹಿಂದಿನದು, ಅದರ ಹಿಂದಿನದು.
ಮೀನಿನ ಕಾರ್ಖಾನೆ ಬಾಗಿಲು ಹಾಕಿದ ವರ್ಷ ಸಿಕ್ಕಿತು.
ಆ ವರ್ಷ ಏಳು ತಿಂಗಳು ನಾನು ಬಾಡಿಗೆ ಕೊಟ್ಟಿಲ್ಲ.
ಆಕೆಯ ಗೋಡೆಗಂಟಿದ ಮೆಟ್ಟಿಲನ್ನು
ಬೂಟು ಕೈಯಲ್ಲಿ ಹಿಡಿದು ಇಳಿಯುತ್ತಿದ್ದೆ.
ಒಮ್ಮೆ ಮಾತ್ರ ಕಿಟಕಿ ತೆರೆದಳು: "ಮಿಸ್ಟರ್ ನಾಡಾಫ್,
ಹಾಕಿಕೊಂಡೇ ಇಳಿಯಿರಿ, ನೆಲ ತಣ್ಣಗಿದೆ."

ಫಾರ್ಮಿನಲ್ಲಿ ನಾಲ್ಕು ಸಾವಿರದ ಒಂಬೈನೂರ ಇಪ್ಪತ್ತು.
ಹನ್ನೆರಡು ತಿಂಗಳೂ ಪೂರಾ.

ಮೂವತ್ತೊಂದು ವರ್ಷ ಬಂದರಿನಲ್ಲಿ ತೂಕದ ಗುಮಾಸ್ತೆ.
ಪೆಟ್ಟಿಗೆಯೊಳಗೆ ಕರಗಿದ ಮಂಜುಗಡ್ಡೆಯ ನೀರನ್ನೂ ಕಳೆದು
ಮೀನಿನ ತೂಕ ಬರೆದವಳು, ಹರಾಜಿನವರು ಬೈದರೂ ಬಿಡದವಳು.
ಆಕೆಯ ಉದ್ದ ಕಾಲಿನ ನಾಲ್ಕು, ಬೆನ್ನು ಸೆಟೆಸಿದ ಒಂಬತ್ತು
ಒಂದು ಚೂರೂ ನಡುಗಿಲ್ಲ.
ಬಾರದ ದುಡ್ಡಿಗೆ ಐನೂರ ಎಪ್ಪತ್ನಾಲ್ಕು ಪೌಂಡು ತೆರಿಗೆ ಕಟ್ಟಿದ್ದಾಳೆ.

ಕಡಿಮೆ ಬರೆದಿದ್ದರೆ ಯಾರಾದರೂ ಯಾಕೆ ಅನ್ನುತ್ತಿದ್ದರೇನೋ.
ಯಾಕೆ ಅಂದರೆ ನನ್ನ ಹೆಸರು ಹೇಳಬೇಕಾಗುತ್ತಿತ್ತೇನೋ.
ಅಥವಾ ಇದೆಲ್ಲ ನನ್ನ ಊಹೆ; ಹನ್ನೆರಡರಿಂದ ಗುಣಿಸುವುದು
ಆಕೆಗೆ ರೂಢಿ, ಅಷ್ಟೆ.

ಮರಳಿ ಕೇಳುವ ಗಡುವು ಯಾವಾಗಲೋ ಮುಗಿದಿದೆ.
ಬೇರೆ ಮಾಹಿತಿ ಇದ್ದರೆ ಇಲ್ಲಿ ಬರೆಯಿರಿ ಎಂಬ ಖಾಲಿ ಚೌಕ
ಸಾರಿಸಿದ ಅಂಗಳದ ಹಾಗೆ ಬಿದ್ದಿದೆ.
ಪೆನ್ನು ಊರಿದೆ. ಎತ್ತಿದೆ.
ಒಂದು ಚುಕ್ಕಿ ಉಳಿಯಿತು.

ಕೊನೆಯ ಪುಟ. ಬೇರೆಯವರ ಪರವಾಗಿ ಸಹಿ ಮಾಡುತ್ತಿದ್ದರೆ,
ಯಾವ ಹಕ್ಕಿನಿಂದ?
ಬಾಡಿಗೆದಾರ. ಬಾಕಿದಾರ.
ನಮ್ಮ ಕಡೆ ಕಚೇರಿಯಲ್ಲಿ ಇದಕ್ಕೆ ಮುಖ್ತಿಯಾರ ಅನ್ನುತ್ತಾರೆ,
ರುಮಾಲು ಸುತ್ತಿ ಮೀಸೆ ತಿರುವಬೇಕಾದ ಮಾತು.
ಅಟಾರ್ನಿ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ
ಇಮಾಮಸಾಬ ನದಾಫ ಎಂದು ರುಜು ಹಾಕಿದೆ.
ಹ್ಯಾಲೋವೀನಿಗೆ ಇನ್ನೂ ಐದು ದಿನ; ಆಗಲೇ ಬೀದಿಯಲ್ಲಿ ಮಕ್ಕಳು
ಯಾರದೋ ಮುಖ ಹಾಕಿಕೊಂಡು ಓಡುತ್ತಿದ್ದವು.

ಸೋಮವಾರ ಕ್ಲೀಥಾರ್ಪ್ಸಿನ ಆರೈಕೆ ಮನೆಗೆ ಒಯ್ದು ತೋರಿಸಿದೆ.
ನನ್ನ ಹೆಸರು ಆಕೆಯಲ್ಲಿ ಈಗ ಇಲ್ಲ. ತೂಕ ಇದೆ.
ಬಿಸ್ಕೀಟು ಕೊಟ್ಟರೆ ಅಂಗೈಯಲ್ಲಿಟ್ಟು "ಅರ್ಧ ಔನ್ಸು" ಅನ್ನುತ್ತಾಳೆ,
ಸರಿಯಾಗಿಯೇ ಇರುತ್ತದೆ, ಮನೆಯಲ್ಲಿ ತೂಗಿ ನೋಡಿದ್ದೇನೆ.
ಲಕೋಟೆಯನ್ನೂ ತೂಗಿದಳು, ಕಣ್ಣು ಮುಚ್ಚಿ:
"ಮೂರು. ಬರೆದುಕೋ ಹುಡುಗಾ."

ಅಂಚೆ ಕಚೇರಿಯ ತಕ್ಕಡಿ ಎಪ್ಪತ್ತೊಂದು ಗ್ರಾಂ ತೋರಿಸಿತು.
ಅಂದರೆ ಎರಡೂವರೆ.
ಅರ್ಧ ಔನ್ಸು ಹೆಚ್ಚಿಗೆ ಹಿಡಿದಿದ್ದಾಳೆ.
ಕೌಂಟರಿನ ಹುಡುಗಿ ಕೇಳಿದಷ್ಟು ಕೊಟ್ಟು ರಸೀದಿ ಇಸಕೊಂಡೆ,
ಮಡಚಲಿಲ್ಲ. ಡಬ್ಬಿಗೆ ಹಾಕಬೇಕು.